ಎರಡು ದಿನ ಮುಂದಿದ್ದ ಶೈಲಜಾ

ಸಿರುಗುಪ್ಪದ ತಾಲ್ಲೂಕು ಕಚೇರಿಯ ಮುಂದೆ ಬೇವಿನ ಮರದ ಕೆಳಗೆ ಟೈಪ್‌ರೈಟರ್ ಇಟ್ಟುಕೊಂಡು ಕೂತಿದ್ದ ಕಾಲದಿಂದಲೂ ಶೈಲಜಾಳಿಗೆ ಒಂದು ಚಟವಿತ್ತು. ಜನ ಹೇಳಿದ್ದನ್ನು ಹೇಳಿದ ಹಾಗೆ ಟೈಪ್ ಮಾಡಿ ಸುಮ್ಮನಾಗುತ್ತಿರಲಿಲ್ಲ. ವೃದ್ಧಾಪ್ಯ ವೇತನಕ್ಕೆ ಅರ್ಜಿ ಬರೆಸಲು ಬಂದ ಮುದುಕ ‘ವೇತನ ನಿಂತೈತಿ, ಕೊಡ್ರಿ’ ಎಂದರೆ, ಇವಳು ಅದಕ್ಕೆ ‘ಮೊಣಕಾಲು ನೋವಿನಿಂದ ಕಚೇರಿಗೆ ಅಲೆದಾಡಲು ಶಕ್ತನಲ್ಲದ ನಾನು’ ಎಂದು ತಾನೇ ಒಂದು ಸಾಲು ಸೇರಿಸುತ್ತಿದ್ದಳು. ಮುದುಕನ ಮೊಣಕಾಲು ನೆಟ್ಟಗಿದ್ದರೂ ಸರಿಯೇ. ಸಾಹೇಬರ ಮನಸ್ಸು ಕರಗಬೇಕಾದರೆ ಕಾಗದ ಸ್ವಲ್ಪ ಅಳಬೇಕು ಎಂಬುದು ಅವಳ ಸಿದ್ಧಾಂತ. ಸಾಹೇಬರು ಕರಗಿದರೋ ಬಿಟ್ಟರೋ, ಜನ ಮಾತ್ರ ಪಕ್ಕದ ಟೈಪಿಸ್ಟರನ್ನು ಬಿಟ್ಟು ಇವಳ ಮುಂದೆಯೇ ಸಾಲು ನಿಲ್ಲುತ್ತಿದ್ದರು.

ಹಚ್ಚೊಳ್ಳಿಯಲ್ಲಿ ಹುಟ್ಟಿದವಳು. ಅಪ್ಪ ಕೊಟ್ರಬಸಪ್ಪನದು ಅಲ್ಲೊಂದು ಕಿರಾಣಿ ಅಂಗಡಿ. ಟೈಪಿಂಗಿನಲ್ಲಿ ಜೂನಿಯರ್, ಸೀನಿಯರ್ ಎರಡೂ ಪಾಸು ಮಾಡಿದ ಮಗಳನ್ನು ಅವನು ಊರಿಗೆಲ್ಲ ತೋರಿಸಿಕೊಂಡು ತಿರುಗಿದ್ದ. ಮದುವೆಯಾಗಿ ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ಬಾಡಿಗೆ ಮನೆ ಮಾಡಿದಳು, ಅಲ್ಲಿಂದಲೇ ಬಸ್ಸಿನಲ್ಲಿ ಸಿರುಗುಪ್ಪಕ್ಕೆ ಓಡಾಡಿದಳು. ಗಂಡ ಶರಣ ಕುಡತಿನಿಯ ವಿದ್ಯುತ್ ಸ್ಥಾವರದಲ್ಲಿ ಗುತ್ತಿಗೆ ಕೆಲಸಗಾರ. ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂತು, ಅರ್ಜಿಗಳೆಲ್ಲ ಆನ್‌ಲೈನ್ ಆದವು, ಬೇವಿನ ಮರದ ಕೆಳಗಿನ ಮೇಜುಗಳು ಒಂದೊಂದಾಗಿ ಎದ್ದುಹೋದವು. ನಲವತ್ತು ದಾಟಿದ ಮೇಲೆ ಶೈಲಜಾ ‘ಆಪ್ತಬಳಗ’ ಎಂಬ ಸೇವಾಸಂಸ್ಥೆಯ ಸಿರುಗುಪ್ಪ ಕೇಂದ್ರದಲ್ಲಿ ಕಂಪ್ಯೂಟರ್ ಆಪರೇಟರ್ ಆಗಿ ಸೇರಿಕೊಂಡಳು. ಅದೂ ಗುತ್ತಿಗೆಯೇ. ಪ್ರತಿ ವರ್ಷ ಮಾರ್ಚ್ ಬಂತೆಂದರೆ ಹೊಸ ಆದೇಶ ಬರುವವರೆಗೆ ಗಂಡ ಹೆಂಡತಿ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂರುವ ಸಂಸಾರ.

ನೆರೆ ಬಂದಾಗ ಊರು ಬಿಟ್ಟವರಿಗೆ ಅನ್ನ, ಹಾಸಿಗೆ, ಔಷಧ ಒದಗಿಸುವುದು ಆಪ್ತಬಳಗದ ಕೆಲಸ. ಯಾರು ಬಂದರು, ಯಾರು ಕಾಣೆಯಾದರು, ಯಾರು ಸಿಕ್ಕರು ಎಂಬುದನ್ನೆಲ್ಲ ಬರೆದಿಡಲು ಒಂದು ಸಾಫ್ಟ್‌ವೇರ್ ಇತ್ತು. ನೆರೆಯಲ್ಲಿ ಮೊದಲು ಬೀಳುವುದೇ ಫೋನಿನ ಟವರ್. ಹಾಗಾಗಿ ಒಂದೇ ಕಡೆ ಎಲ್ಲವನ್ನೂ ಇಟ್ಟರೆ ಕೆಟ್ಟೆವು ಎಂದು, ಪ್ರತಿ ಕೇಂದ್ರದ ಲ್ಯಾಪ್‌ಟಾಪಿಗೂ ಅದನ್ನು ಬೇರೆ ಬೇರೆಯಾಗಿಯೇ ಹಾಕಿಕೊಟ್ಟಿದ್ದರು. ಸಿರುಗುಪ್ಪದ್ದು ಸಿರುಗುಪ್ಪಕ್ಕೆ, ಕುರುಗೋಡಿನದು ಕುರುಗೋಡಿಗೆ, ಬಳ್ಳಾರಿ ಕಚೇರಿಯದು ಬಳ್ಳಾರಿಗೆ. ನೆಟ್ ಇದ್ದರೆ ಮೂರೂ ತಾವಾಗಿಯೇ ಮಾತಾಡಿಕೊಂಡು ಒಂದಾಗುತ್ತಿದ್ದವು. ನೆಟ್ ಇಲ್ಲದಿದ್ದರೆ ಅಕ್ಕಿ ಸಾಗಿಸುವ ಜೀಪಿನ ಡ್ರೈವರ್ ಮೈಲಾರಪ್ಪ ಪೆನ್‌ಡ್ರೈವನ್ನು ಎಲೆಯಡಿಕೆ ಚೀಲದಲ್ಲಿಟ್ಟುಕೊಂಡು ಕೇಂದ್ರದಿಂದ ಕೇಂದ್ರಕ್ಕೆ ಒಯ್ಯುತ್ತಿದ್ದ. ಒಬ್ಬರ ಬಗ್ಗೆ ಎರಡು ಕಡೆ ಎರಡು ಥರ ಬರೆದಿದ್ದರೆ ಯಾವುದನ್ನು ಇಟ್ಟುಕೊಳ್ಳಬೇಕು? ಅದಕ್ಕೆ ಸಾಫ್ಟ್‌ವೇರ್ ಒಂದು ಸರಳ ನಿಯಮ ಪಾಲಿಸುತ್ತಿತ್ತು. ಆಮೇಲೆ ಬರೆದದ್ದು ಉಳಿಯುತ್ತದೆ, ಮೊದಲು ಬರೆದದ್ದು ಮರೆಯಾಗುತ್ತದೆ. ಯಾವುದು ಮೊದಲು, ಯಾವುದು ಆಮೇಲೆ ಎಂದು ಅದಕ್ಕೆ ತಿಳಿಯುವುದು ಬರೆದ ಲ್ಯಾಪ್‌ಟಾಪಿನ ತಾರೀಕಿನಿಂದ.

ಆ ವರ್ಷ ಆಷಾಢದ ಅಮಾವಾಸ್ಯೆ ಮಂಗಳವಾರ ಬಿತ್ತು. ಅವತ್ತೇ ಬೆಳಗ್ಗೆ ಹೊಳೆಗೆ ನೀರು ಏರಿತು. ಸಿರುಗುಪ್ಪದ ಕಲ್ಯಾಣ ಮಂಟಪವೊಂದರಲ್ಲಿ ತೆರೆದ ಕೇಂದ್ರಕ್ಕೆ ಮಧ್ಯಾಹ್ನದ ಹೊತ್ತಿಗೆ ಹೊಳೆದಂಡೆಯ ಊರುಗಳಿಂದ ಟ್ರ್ಯಾಕ್ಟರುಗಳು ಬರತೊಡಗಿದವು. ಕೋಳಿ, ಕುಕ್ಕರು, ಟಿವಿ, ಮೊಮ್ಮಕ್ಕಳು, ಎಲ್ಲ ಒಂದೇ ಟ್ರಾಲಿಯಲ್ಲಿ. ಶೈಲಜಾ ಬಾಗಿಲ ಬಳಿ ಮೇಜು ಹಾಕಿಕೊಂಡು ಹೆಸರು ಬರೆಯುತ್ತಿದ್ದಳು. ಸಾಲಿನಲ್ಲಿ ಮೊದಲು ನಿಂತವಳು ಜಡೆಮ್ಮ. ಅರವತ್ತೈದರ ಗಟ್ಟಿ ಮುದುಕಿ, ಮೂಗಿನಲ್ಲಿ ದೊಡ್ಡ ಮೂಗುತಿ. ಹೆಸರು, ಊರು ಎಲ್ಲ ಹೇಳಿ ಮುಗಿಸಿ, ಪರದೆಯತ್ತ ಕತ್ತು ಚಾಚಿದಳು.

“ಮನಿ ಬಿಟ್ಟ ತಾರೀಕು ಏನಂತ ಬರದೀ ತಂಗಿ?”

“ಇವತ್ತಿಂದು ದೊಡ್ಡವ್ವ. ಮಂಗಳವಾರ.”

“ಬ್ಯಾಡ ಯವ್ವಾ, ಬ್ಯಾಡ. ಆಷಾಢದ ಅಮಾಸಿ ಇದು. ಅಮಾಸಿ ದಿನ ಮನಿ ಬಿಟ್ಟಾಳ ಅಂತ ಬರದ್ರ ಹೊಳ್ಳಿ ಮನಿ ಸೇರಂಗಿಲ್ಲ. ನೀರು ದಬ್ಬಿತು, ಹೊರಗ ಬಂದ್ವಿ, ಅದು ಬ್ಯಾರೆ. ಬರಿಯೋದು ಬ್ಯಾರೆ.”

“ನಾಳೆ ಅಂತ ಬರೀಲೇನು ಹಂಗಾದ್ರ?”

“ನಾಳಿ ಪಾಡ್ಯ. ಪಾಡ್ಯದಾಗ ಯಾರರೆ ಹೊಂಡ್ತಾರೇನು? ನಾಡದು ಬರಿ. ಶ್ರಾವಣ ಬಿದಿಗಿ, ಗುರುವಾರ. ಚಲೋ ದಿನ.”

ಹಿಂದೆ ನಿಂತಿದ್ದವರೆಲ್ಲ ಇದನ್ನು ಕೇಳಿಸಿಕೊಂಡರು. ‘ನಂದೂ ಹಂಗಾ ಬರೀರಿ ಅಕ್ಕಾರ’ ಎಂದು ಸಾಲಿಗೆ ಸಾಲೇ ಗಲಗಲ ಎಂದಿತು. ನೀರು ಹೊಕ್ಕ ಮನೆ ಬಿಟ್ಟು ಬಂದವರು ಅವರು. ಹಿಡಿದುಕೊಳ್ಳಲು ಇನ್ನೇನೂ ಇಲ್ಲದಿದ್ದಾಗ ಒಂದು ಒಳ್ಳೆಯ ದಿನವನ್ನಾದರೂ ಹಿಡಿದುಕೊಳ್ಳುತ್ತೇವೆ ಎಂದರೆ ಯಾವ ಬಾಯಿಯಿಂದ ಬೇಡ ಎನ್ನುವುದು? ಶೈಲಜಾ ಗುರುವಾರದ ತಾರೀಕು ಒತ್ತಿದಳು. ಸಾಫ್ಟ್‌ವೇರ್ ಒಪ್ಪಲಿಲ್ಲ. ಇನ್ನೂ ಬಾರದ ದಿನವನ್ನು ಬರೆಯುವಂತಿಲ್ಲ ಎಂದು ಕೆಂಪಕ್ಷರದಲ್ಲಿ ಗದರಿಸಿತು. ‘ಏನ್ಲೇ ನಿಂದು ದೌಲತ್ತು’ ಎಂದು ಅದನ್ನೇ ಬೈದು, ಶೈಲಜಾ ಲ್ಯಾಪ್‌ಟಾಪಿನ ಮೂಲೆಯಲ್ಲಿದ್ದ ಗಡಿಯಾರಕ್ಕೇ ಕೈಹಾಕಿದಳು. ತಾನಾಗಿ ಸಮಯ ಸರಿಮಾಡಿಕೊಳ್ಳುವ ಏರ್ಪಾಡನ್ನು ನಿಲ್ಲಿಸಿ, ತಾರೀಕನ್ನು ಎರಡು ದಿನ ಮುಂದಕ್ಕೆ ತಳ್ಳಿದಳು. ಲ್ಯಾಪ್‌ಟಾಪಿಗೆ ಅಲ್ಲಿಂದ ಗುರುವಾರವೇ ಆಯಿತು. ಸಾಲು ಸಮಾಧಾನದಿಂದ ಮುಂದೆ ಸರಿಯಿತು.

ಸಂಜೆ ಎಲ್ಲ ಮುಗಿದ ಮೇಲೆ ಗಡಿಯಾರವನ್ನು ಹಿಂದಕ್ಕೆ ತರಬೇಕೆಂದು ಅವಳಿಗೆ ನೆನಪಿತ್ತು. ಅಷ್ಟರಲ್ಲಿ ಜಡೆಮ್ಮ ಎದೆ ಬಡಿದುಕೊಳ್ಳುತ್ತ ಓಡಿ ಬಂದಳು.

“ತಂಗೀ, ಸರೋಜಾ ಬಂದಿಲ್ಲ! ನಮ್ಮ ಸರೋಜಾ!”

ಸರೋಜಾ ಜಡೆಮ್ಮನ ಒಡಹುಟ್ಟಿದ ತಂಗಿ. ಹುಟ್ಟಿನಿಂದ ಕಿವಿ ಕೇಳದು, ಮಾತು ಬಾರದು. ಮದುವೆಯಾಗಲಿಲ್ಲ. ಅಕ್ಕನ ಮನೆಯಲ್ಲೇ ಬೆಳೆದು, ಅಕ್ಕನ ಹೊಲದಲ್ಲೇ ದುಡಿದು, ಅಕ್ಕನೊಬ್ಬಳಿಗೇ ಅರ್ಥವಾಗುವ ಕೈಸನ್ನೆಗಳಲ್ಲಿ ಐವತ್ತೆಂಟು ವರ್ಷ ಕಳೆದವಳು. ಊರಿನಿಂದ ಎರಡು ಟ್ರ್ಯಾಕ್ಟರು ಹೊರಟಿದ್ದವು. ಜಡೆಮ್ಮ ಮೊದಲನೆಯದರಲ್ಲಿ ಗಂಟುಮೂಟೆಗಳ ಜೊತೆ ಕೂತಳು, ಸರೋಜಾ ದನ ಬಿಚ್ಚಿಬಿಟ್ಟು ಬಂದು ಎರಡನೆಯದನ್ನು ಹತ್ತಿದಳು. ಮೊದಲನೆಯದು ಹಳ್ಳ ದಾಟಿದ ಮೇಲೆ ಹಳ್ಳ ತುಂಬಿತು. ಎರಡನೆಯದು ಬರಲೇ ಇಲ್ಲ.

ಶೈಲಜಾ ತಕ್ಷಣ ಸರೋಜಾಳ ಹೆಸರಿನಲ್ಲಿ ಹೊಸ ದಾಖಲೆ ತೆರೆದಳು. ‘ಕಾಣೆಯಾಗಿದ್ದಾರೆ’ ಎಂದು ಬರೆದು ಗುರುತು ಕೇಳಿದಳು. ಜಡೆಮ್ಮ ತನ್ನ ಎಡಗೈ ಮುಂದೆ ಹಿಡಿದು ತೋರಿಸಿದಳು, ಮೊಣಕೈಯ ಕೆಳಗೆ ಚೇಳಿನ ಹಚ್ಚೆ. ಇಬ್ಬರಿಗೂ ಒಂದೇ ದಿನ, ಒಬ್ಬಳೇ ಹಚ್ಚೆಯವಳು ಹಾಕಿದ್ದಂತೆ, ಸರೋಜಾಳದಕ್ಕೆ ಬಾಲ ಎರಡು ಸುತ್ತು ಇದೆಯಂತೆ. ಅದನ್ನೂ ಬರೆದಳು. ಪೆನ್‌ಡ್ರೈವ್ ಮೈಲಾರಪ್ಪನ ಕೈಗೆ ಹೋಯಿತು. ಗಡಿಯಾರ ಮರೆತೇಹೋಯಿತು.

ಅವತ್ತಿನಿಂದ ಜಡೆಮ್ಮ ಉಣ್ಣುವುದನ್ನು ಬಿಟ್ಟಳು. ‘ಅಕಿ ಉಂಡಾಳೋ ಇಲ್ಲೋ. ಹಸಿವು ಆತು ಅನ್ನಾಕೂ ಬಾಯಿಲ್ಲ ಅಕಿಗೆ’ ಎನ್ನುತ್ತಿದ್ದಳು. ಬೆಳಗ್ಗೆ, ಮಧ್ಯಾಹ್ನ, ಸಂಜೆ ಮೂರು ಹೊತ್ತೂ ಶೈಲಜಾಳ ಮೇಜಿನ ಮುಂದೆ ಬಂದು ನಿಲ್ಲುವುದು, ‘ಏನರೆ ಬಂತೇನು ತಂಗಿ?’ ಎನ್ನುವುದು. ಏನೂ ಬಂದಿರುತ್ತಿರಲಿಲ್ಲ. ಬರಿಗೈಯಲ್ಲಿ ಕಳಿಸಲು ಶೈಲಜಾಳಿಗೆ ಸಂಕಟ. ಅವಳು ಸರೋಜಾಳ ದಾಖಲೆ ತೆರೆದು, ‘ಅಕ್ಕ ಮತ್ತೊಮ್ಮೆ ವಿಚಾರಿಸಿದರು. ಇನ್ನೂ ಸಿಕ್ಕಿಲ್ಲ’ ಎಂದು ಮುದುಕಿಯ ಕಣ್ಣೆದುರಿಗೇ ಬರೆದು ತೋರಿಸುತ್ತಿದ್ದಳು. ಓದಲು ಬಾರದ ಜಡೆಮ್ಮ ಅಕ್ಷರಗಳು ಸಾಲಾಗಿ ಮೂಡುವುದನ್ನು ನೋಡಿ ತಲೆಯಾಡಿಸಿ ಹೋಗುತ್ತಿದ್ದಳು. ಬುಧವಾರ ಮೂರು ಸಲ ಹೀಗೆ ಬರೆದಳು, ಗುರುವಾರ ಮೂರು ಸಲ.

ಹೊರಗಿನ ಸುದ್ದಿ ತಿಳಿಯಲು ಬೇರೆ ದಾರಿ ಇರಲಿಲ್ಲ. ಟವರ್ ಬಿದ್ದು ಫೋನುಗಳೆಲ್ಲ ಬಾಯಿ ಮುಚ್ಚಿಕೊಂಡಿದ್ದವು. ಬಾಯಿಮಾತಿನ ಸುದ್ದಿಯನ್ನು ಜನರಿಗೆ ಹೇಳಬಾರದೆಂದು ಕೇಂದ್ರಗಳಲ್ಲಿ ಕಟ್ಟಪ್ಪಣೆಯೇ ಇತ್ತು. ಹಿಂದಿನ ನೆರೆಯಲ್ಲಿ ಯಾರೋ ‘ಸಿಕ್ಕಾನಂತ’ ಎಂದು ಕೂಗಿ, ಯಾರದೋ ತಾಯಿ ಇಪ್ಪತ್ತು ಮೈಲಿ ಓಡಿ, ಬೇರೆ ಯಾರನ್ನೋ ನೋಡಿ ಮೂರ್ಛೆ ಹೋಗಿದ್ದಳು. ದಾಖಲೆಯಲ್ಲಿ ಬಂದದ್ದನ್ನು ಮಾತ್ರ ಹೇಳಬೇಕೆಂದು ಸಭೆಯಲ್ಲಿ ಎದ್ದು ನಿಂತು ವಾದಿಸಿದವಳು ಶೈಲಜಾಳೇ.

ಶುಕ್ರವಾರ ಹನ್ನೆರಡೂವರೆಗೆ ಟವರ್ ಬಂತು. ಬಂದ ಐದು ನಿಮಿಷಕ್ಕೆ ಕುರುಗೋಡಿನಿಂದ ಫೋನು. ಅಲ್ಲಿನ ಕೇಂದ್ರದ ಆಪರೇಟರ್ ಓಬಣ್ಣ. ಮೆತ್ತಗಿನ ಮನುಷ್ಯ, ಅವನ ದನಿ ಏರಿದ್ದನ್ನು ಶೈಲಜಾ ಅದುವರೆಗೆ ಕೇಳಿರಲಿಲ್ಲ.

“ಅಕ್ಕಾರ, ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಾ ಬರದಿದ್ದನ್ನ ಯಾಕ ಅಳಸಾಕತ್ತೀರಿ?”

“ನಾನಾ? ನಿಂದು ನಾ ಯಾಕ ಅಳಸ್ಲೋ?”

“ಮತ್ತ ಯಾರು? ಎರಡು ಸಲ ಬರದೆ. ಆ ಮೂಗಿ ಹೆಣ್ಮಗಳು ಸರೋಜಾ ಇಲ್ಲೇ ಅದಾಳ, ಎಡಗೈಗೆ ಚೇಳಿನ ಹಚ್ಚಿ ಐತಿ, ಬಾಲ ಎರಡು ಸುತ್ತು ಐತಿ ಅಂತ ಬುಧವಾರ ಬೆಳಗ್ಗೆನಾ ‘ಸಿಕ್ಕಿದ್ದಾರೆ’ ಅಂತ ಬರದು ಕಳಿಸೀನಿ. ಪೆನ್‌ಡ್ರೈವ್ ನಿಮ್ಮಲ್ಲಿಗೆ ಹೋಗಿ ಬಂದ ಮ್ಯಾಲೆ ನೋಡಿದ್ರ ‘ಮತ್ತೊಮ್ಮೆ ವಿಚಾರಿಸಿದರು, ಇನ್ನೂ ಸಿಕ್ಕಿಲ್ಲ’ ಅಂತೈತಿ. ಗುರುವಾರ ಮತ್ತ ಬರದೆ, ಮತ್ತ ಹಂಗಾ ಬಂತು. ಅಕ್ಕನ್ನ ಕೇಳಿ ನೋಡ್ಯಾರ, ಇಕಿ ಅಕಿ ಅಲ್ಲಂತ, ಅಂತ ನಮ್ಮ ಸಾಹೇಬ್ರು ತಿಳಕೊಂಡ್ರು. ನಾನೂ ಹಂಗಾ ತಿಳಕೊಂಡೆ.”

ಅವನು ಬರೆದದ್ದು ಶೈಲಜಾಳ ಪರದೆಯ ಮೇಲೆ ಒಮ್ಮೆಯೂ ಬಂದಿರಲಿಲ್ಲ. ಸರೋಜಾಳ ದಾಖಲೆ ತೆರೆದಳು. ಬೆಳಗ್ಗೆ ತಾನು ಬರೆದ ಕೊನೆಯ ಸಾಲಿನ ಪಕ್ಕದಲ್ಲಿ ತಾರೀಕು ಇತ್ತು, ಭಾನುವಾರ. ತಲೆ ಎತ್ತಿ ಕಲ್ಯಾಣ ಮಂಟಪದ ಗೋಡೆಯ ಕ್ಯಾಲೆಂಡರ್ ನೋಡಿದಳು, ಶುಕ್ರವಾರ.

ಆಗ ಎಲ್ಲ ತಿಳಿಯಿತು. ಮೂರು ದಿನದಿಂದ ತನ್ನ ಲ್ಯಾಪ್‌ಟಾಪ್ ಲೋಕಕ್ಕಿಂತ ಎರಡು ದಿನ ಮುಂದೆ ಬದುಕುತ್ತಿದೆ. ಓಬಣ್ಣ ಬುಧವಾರ ಬರೆದ ‘ಸಿಕ್ಕಿದ್ದಾರೆ’ಗಿಂತ ತಾನು ಮಂಗಳವಾರ ಬರೆದ ‘ಕಾಣೆಯಾಗಿದ್ದಾರೆ’ಯೇ ಆಮೇಲಿನದು ಎಂದು ಸಾಫ್ಟ್‌ವೇರ್ ನಂಬಿದೆ. ಅದು ಸಾಲದೆಂಬಂತೆ, ಜಡೆಮ್ಮ ಬಂದು ನಿಂತಾಗಲೆಲ್ಲ ಕರುಣೆಯಿಂದ ಬರೆದ ಒಂದೊಂದು ಸಾಲೂ ಆ ತಂಗಿಯನ್ನು ಮತ್ತೆ ಮತ್ತೆ ಕಾಣೆ ಮಾಡಿದೆ.

“ಓಬಣ್ಣಾ, ಅಕಿ ಅಲ್ಲೇ ಅದಾಳಲ್ಲ? ಈಗ ಕರಕೊಂಡು ಬರ್ತೀನಿ ಅವರಕ್ಕನ್ನ.”

“ಇಲ್ಲ ಅಕ್ಕಾರ, ಅದಕ್ಕಾ ಫೋನ್ ಮಾಡಿದ್ದು. ವಾರಸುದಾರರಿಲ್ಲದ ಹೆಂಗಸರು ಅಂತ ನಾಲ್ಕು ಮಂದೀನ ಹನ್ನೊಂದಕ್ಕ ಬಳ್ಳಾರಿಗೆ ಕರಕೊಂಡು ಹೋದ್ರು. ಸಂಜಿ ಐದಕ್ಕ ಅಲ್ಲಿಂದ ಬಸ್ಸು. ಯಾವುದೋ ದೂರದ ಜಿಲ್ಲಾದ ಮಹಿಳಾ ನಿಲಯಕ್ಕಂತ. ನನಗ ಮನಸು ಒಪ್ಪವಲ್ದು. ಹಳ್ಳದ ಕಡಿಂದ ದೋಣಿಯವ್ರು ಅಕಿ ಒಬ್ಬಾಕಿನ್ನಾ ತಂದು ಬಿಟ್ಟಿದ್ರು, ಅಕಿ ಊರಿನವರು ಯಾರೂ ಇಲ್ಲಿರಲಿಲ್ಲ. ಇಲ್ಲಿದ್ದಷ್ಟು ದಿನ ಮೂಗು ಬಡಕೊಂತನಾ ಇದ್ಳು ಅಕಿ. ಮೂಗುತಿ ಕಳಕೊಂಡಿರಬೇಕು ಅಂತ ಹೆಣ್ಮಕ್ಕಳೆಲ್ಲ ಹಾಸಿಗಿ ಝಾಡಿಸಿ ಹುಡುಕಿದ್ರು. ಒಬ್ಬಾಕಿ ತಂದಾ ಬಿಚ್ಚಿ ಕೊಡಾಕ ಹೋದ್ರ, ಇಸಗೊಳ್ಳದ ಅತ್ತಳು.”

ಜಡೆಮ್ಮ ಮೇಜಿನ ಪಕ್ಕದಲ್ಲೇ ನಿಂತಿದ್ದಳು, ಮಧ್ಯಾಹ್ನದ ಸರದಿಗೆ ಬಂದವಳು. ಫೋನಿನಿಂದ ಹೊರಬಿದ್ದ ಮಾತು ಅವಳಿಗೂ ಕೇಳಿಸಿತ್ತು. ತನ್ನ ಮೂಗುತಿಯ ಮೇಲೆ ಬೆರಳಿಟ್ಟುಕೊಂಡಳು.

“ಅದು ನಾನು ತಂಗಿ. ಮೂಗು ಮುಟ್ಟಿ ಕರಿಯೋದು ನನ್ನನ್ನ. ನಮ್ಮವ್ವ ನನಗ ಮೂಗುತಿ ಇಟ್ಟ ದಿನದಿಂದ ಅಕಿ ನನ್ನ ಹಂಗಾ ಕರೀತಾಳ.”

ಮೂರು ದಿನ ಅಕ್ಕನನ್ನು ಕರೆದಿದ್ದಾಳೆ, ಜನ ಹಾಸಿಗೆ ಝಾಡಿಸಿ ಮೂಗುತಿ ಹುಡುಕಿದ್ದಾರೆ. ಯಾರನ್ನು ಬೈಯುವುದು?

ಐದಕ್ಕೆ ಆ ಬಸ್ಸು ಹೊರಟರೆ ಏನಾಗುತ್ತದೆಂದು ಶೈಲಜಾಳಿಗೆ ಚೆನ್ನಾಗಿ ಗೊತ್ತು. ಹತ್ತು ವರ್ಷ ಅಂಥ ಅರ್ಜಿಗಳನ್ನೇ ಟೈಪ್ ಮಾಡಿದವಳು ಅವಳು. ಹೆಸರು ಹೇಳಲಾರದ, ಬರೆಯಲಾರದ ಹೆಂಗಸನ್ನು ಬೇರೆ ಜಿಲ್ಲೆಯಿಂದ ಬಿಡಿಸಿಕೊಂಡು ಬರಲು ಪ್ರಮಾಣಪತ್ರ, ಪಂಚನಾಮೆ, ಪೊಲೀಸರ ವರದಿ ಎಂದು ತಿಂಗಳುಗಟ್ಟಲೆ ಅಲೆಯಬೇಕು. ಅಲ್ಲಿಯವರೆಗೆ ಸರೋಜಾಳಿಗೆ ಯಾರು ಏನೆಂದು ತಿಳಿಸುತ್ತಾರೆ? ಅಕ್ಕ ಹೊಳೆಯಲ್ಲಿ ಹೋದಳೆಂದೇ ಅವಳು ತಿಳಿಯುತ್ತಾಳೆ.

ಮೈಲಾರಪ್ಪ ಅಕ್ಕಿ ಚೀಲ ಇಳಿಸುತ್ತಿದ್ದ. ಶೈಲಜಾ ಜಡೆಮ್ಮನನ್ನು ಕರೆದೊಯ್ದು ಜೀಪಿನ ಮುಂದಿನ ಸೀಟಿನಲ್ಲಿ ಕೂರಿಸಿ, ಚೀಲಗಳನ್ನು ಬೇಗ ಇಳಿಸುವಂತೆ ಅವನಿಗೆ ಹೇಳಿ, ಮತ್ತೆ ಒಳಗೆ ಬಂದು ಬಳ್ಳಾರಿ ಕಚೇರಿಗೆ ಫೋನು ಹಚ್ಚಿದಳು. ಸಾಫ್ಟ್‌ವೇರ್ ನೋಡಿಕೊಳ್ಳುವ ಇಂಜಿನಿಯರ್ ಚೈತ್ರಾ ಎತ್ತಿಕೊಂಡಳು. ಶೈಲಜಾಳಿಗಿಂತ ಹದಿನೈದು ವರ್ಷ ಚಿಕ್ಕವಳು, ಮಾತು ಚುರುಕು. ಶೈಲಜಾ ವಿಷಯ ಹೇಳಿದಳು.

“ಶೈಲಜಕ್ಕ, ಆ ಹೆಂಗಸರನ್ನ ಇಲ್ಲೇ ಕಂಟೋನ್ಮೆಂಟಿನ ಬಂಗಲೆಯಾಗ ಇಟ್ಟಾರ. ನಾ ಹೋಗಿ ನಿಲ್ತೀನಿ. ಆದ್ರ ದಾಖಲೆ ಕೇಳ್ತಾರ. ನಮ್ಮ ಮೂರೂ ಕಡೆ ಸರೋಜಾ ‘ಸಿಕ್ಕಿಲ್ಲ’ ಅಂತಾನಾ ಐತಿ. ಮತ್ತ ಬುಧವಾರನಾ ಸಿಕ್ಕಿದ್ರು ಅಂತೀರಿ. ಅದು ಹೆಂಗ ಹೋತು? ನನಗ ಕಾರಣ ಗೊತ್ತಾಗಬೇಕು.”

ಶೈಲಜಾಳಿಗೆ ಸುಳ್ಳು ಹೇಳಲು ದಾರಿಯಿತ್ತು. ಗಡಿಯಾರ ತಂತಾನೇ ಕೆಟ್ಟಿತ್ತು ಎನ್ನಬಹುದಿತ್ತು, ಯಾರು ನೋಡಲು ಬರುತ್ತಾರೆ? ಅದಕ್ಕಿಂತ ಸುಲಭದ ದಾರಿ, ಸರೋಜಾಳ ದಾಖಲೆಯಲ್ಲಿ ‘ಸಿಕ್ಕಿದ್ದಾರೆ’ ಎಂದು ತಾನೇ ಒತ್ತಿ, ಗಡಿಯಾರ ಹಿಂದಕ್ಕೆ ತಿರುಗಿಸಿ, ಏನೂ ಆಗಿಲ್ಲವೆಂಬಂತೆ ಇದ್ದುಬಿಡುವುದು. ಆದರೆ ಮೂರು ದಿನದಲ್ಲಿ ಅವಳು ಬರೆದದ್ದು ಸರೋಜಾಳದೊಂದೇ ಅಲ್ಲ. ಕುರುಗೋಡಿನವರು ಬರೆದ ಇನ್ನೆಷ್ಟು ‘ಸಿಕ್ಕಿದ್ದಾರೆ’ಗಳು ಅಡಿಯಲ್ಲಿ ಹೂತುಹೋಗಿವೆಯೋ, ಇನ್ನೆಷ್ಟು ಜಡೆಮ್ಮಂದಿರು ಉಣ್ಣದೆ ಕೂತಿದ್ದಾರೋ. ಮಾರ್ಚ್ ತಿಂಗಳು ಕಣ್ಣ ಮುಂದೆ ಬಂತು, ಶರಣನ ಮುಖವೂ ಬಂತು.

“ನಾನಾ ಬದಲ ಮಾಡೀನಿ ಮೇಡಂ. ಮಂಗಳವಾರ ಲ್ಯಾಪ್‌ಟಾಪಿನ ತಾರೀಕು ಎರಡು ದಿನ ಮುಂದಿಟ್ಟೆ. ಮನಿ ಬಿಟ್ಟ ದಿನ ಅಮಾಸಿ ಬ್ಯಾಡ ಅಂದ್ರು ಜನ. ಹೊಳ್ಳಿ ಸರಿ ಮಾಡೋದು ಮರತೆ. ಇಲ್ಲಿಂದ ಬಂದಿದ್ದೆಲ್ಲ ಎರಡು ದಿನ ಮುಂದಿನ ತಾರೀಕಿಂದು. ಅದು ಕುರುಗೋಡಿಂದನ್ನೆಲ್ಲ ನುಂಗೈತಿ.”

ಚೈತ್ರಾ ಬೈಯುತ್ತ ಕೂರಲಿಲ್ಲ.

“ಯಾವುದನ್ನೂ ಮುಟ್ಟಬ್ಯಾಡ್ರಿ. ಮೂರೂ ಕಡಿದು ಕೂಡಿಸೋ ಸಿಂಕ್ ನಿಲ್ಲಸ್ತೀನಿ. ನೀವು ಅವ್ರನ್ನ ಕರಕೊಂಡು ಹೊಂಡ್ರಿ.”

ಸಿರುಗುಪ್ಪದಿಂದ ಬಳ್ಳಾರಿಗೆ ಎರಡು ಗಂಟೆಯ ದಾರಿ. ನೆರೆಯ ದಿನ ಅದು ನಾಲ್ಕು ಗಂಟೆ ಮೀರಿತು. ಒಂದು ಕಡೆ ರಸ್ತೆಯ ಮೇಲೆ ನೀರು, ಸುತ್ತು ಹಾಕಬೇಕಾಯಿತು. ಇನ್ನೊಂದು ಕಡೆ ಭತ್ತದ ಲಾರಿಯೊಂದು ಹೂತುಕೊಂಡು ಅಡ್ಡ ನಿಂತಿತ್ತು. ಯಾವತ್ತೂ ಹತ್ತು ಮಾತಿಗೆ ಒಂದು ಮಾತಾಡುವ ಮೈಲಾರಪ್ಪ ಅವತ್ತು ಆ ಲಾರಿಯವನಿಗೆ ಕನ್ನಡ, ತೆಲುಗು, ಉರ್ದು ಮೂರರಲ್ಲೂ ಬೈದ. ಜಡೆಮ್ಮ ಎಡಗೈಯ ಚೇಳನ್ನು ಬಲಗೈಯಿಂದ ಸವರುತ್ತ ಕೂತಿದ್ದಳು. ಹಿಂದಿನ ಸೀಟಿನಲ್ಲಿ ಶೈಲಜಾ ನಿಮಿಷಕ್ಕೊಮ್ಮೆ ಫೋನು ನೋಡುತ್ತಿದ್ದಳು. ನಾಲ್ಕೂವರೆಗೆ ಜೀಪು ಇನ್ನೂ ಊರ ಹೊರಗೇ ಇತ್ತು. ಐದಕ್ಕೆ ಊರೊಳಗಿನ ಸಿಗ್ನಲಿನಲ್ಲಿ ಸಿಕ್ಕಿಕೊಂಡಿತು. ಶೈಲಜಾ ದೇವರನ್ನೂ ಬೇಡಿದಳು, ಚೈತ್ರಾಳನ್ನೂ ಬೇಡಿದಳು.

ಕಂಟೋನ್ಮೆಂಟಿನ ಆ ಹಳೆಯ ಬಂಗಲೆಯ ಗೇಟು ಹೊಕ್ಕಾಗ ಐದೂ ಇಪ್ಪತ್ತು. ಬಸ್ಸು ಎಂಜಿನ್ ಚಾಲು ಮಾಡಿಕೊಂಡು ನಿಂತಿತ್ತು. ಅದರ ಮೆಟ್ಟಿಲ ಮೇಲೆ, ಬಾಗಿಲು ಹಾಕಲು ಆಗದಂತೆ, ಚೈತ್ರಾ ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದಳು. ಕಂಡಕ್ಟರು ಬೈದು ಬೈದು ಸುಸ್ತಾಗಿ ಪಕ್ಕದಲ್ಲಿ ಬೀಡಿ ಸೇದುತ್ತಿದ್ದ. ನಿಲಯದ ಅಧಿಕಾರಿಣಿಗೆ ಚೈತ್ರಾ ಬುಧವಾರದ ಹಳೆಯ ಪ್ರತಿಯಿಂದ ಓಬಣ್ಣನ ಬರಹವನ್ನು ತೆಗೆದು ತೋರಿಸಿದ್ದಳು. ಮೇಲೆ ಕಾಣದಿದ್ದರೂ ಅಡಿಯಲ್ಲಿ ಅದು ಉಳಿದಿತ್ತು. ಅಧಿಕಾರಿಣಿ ಇನ್ನೂ ನಂಬಿದಂತಿರಲಿಲ್ಲ.

ಜಡೆಮ್ಮ ಇವರಾರನ್ನೂ ನೋಡಲಿಲ್ಲ. ಬಸ್ಸಿನ ಪಕ್ಕದಲ್ಲಿ ಕಿಟಕಿಯಿಂದ ಕಿಟಕಿಗೆ ನಡೆದಳು. ನಾಲ್ಕನೆಯ ಕಿಟಕಿಯ ಹತ್ತಿರ ನಿಂತಳು. ಒಳಗೆ, ಯಾರದೋ ಹಳೆಯ ಹಳದಿ ಸೀರೆಯಲ್ಲಿ, ಸರೋಜಾ ತಲೆ ತಗ್ಗಿಸಿ ಕೂತಿದ್ದಳು. ಕೂಗಿದರೆ ಕೇಳುವುದಿಲ್ಲ. ಜಡೆಮ್ಮ ಕಿಟಕಿಯ ಸರಳಿನ ನಡುವೆ ಕೈಹಾಕಿ ತಂಗಿಯ ಭುಜ ಮುಟ್ಟಿದಳು.

ಸರೋಜಾ ತಿರುಗಿದಳು. ನೋಡಿದಳು. ಎದ್ದು, ಅಡ್ಡ ಬಂದವರನ್ನು ತಳ್ಳಿ, ಚೈತ್ರಾಳನ್ನೂ ಲ್ಯಾಪ್‌ಟಾಪನ್ನೂ ದಾಟಿ ಕೆಳಗಿಳಿದು, ಅಕ್ಕನ ಬೆನ್ನಿಗೆ ಎರಡೂ ಕೈಯಿಂದ ದಬದಬ ಹೊಡೆದಳು. ಎಲ್ಲಿ ಹೋಗಿದ್ದೆ, ಎಲ್ಲಿ ಹೋಗಿದ್ದೆ ಎಂದು ಕೇಳುವ ಹೊಡೆತ ಅದು. ಜಡೆಮ್ಮ ಬೆನ್ನು ಕೊಟ್ಟು ನಿಂತಳು. ಹೊಡೆದು ದಣಿದ ಮೇಲೆ ಸರೋಜಾ ಅಕ್ಕನ ಹೆಗಲಿಗೆ ಹಣೆ ಇಟ್ಟು, ಗಂಟಲಿನಿಂದ ಒಂದು ದನಿ ತೆಗೆದು ಅತ್ತಳು. ಅಧಿಕಾರಿಣಿ ಸುಮ್ಮನೆ ಪೆನ್ನು ತೆಗೆದು ಪಟ್ಟಿಯಲ್ಲಿ ಒಂದು ಗೆರೆ ಎಳೆದರು. ಇನ್ನೇನು ದಾಖಲೆ ಬೇಕು?

ಆಮೇಲೆ ಆದದ್ದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಅಡಿಯಲ್ಲಿ ಹೂತುಹೋಗಿದ್ದ ಇನ್ನೂ ಹದಿನೇಳು ಜನರ ‘ಸಿಕ್ಕಿದ್ದಾರೆ’ ಮರುದಿನ ಹೊರಬಂತು. ತಾರೀಕು ಬದಲಿಸಿದ್ದು ತಾನೇ ಎಂದು ಶೈಲಜಾ ಸಹಿ ಮಾಡಿ ವರದಿ ಕೊಟ್ಟಳು. ‘ಜನ ಒತ್ತಾಯಿಸಿದರು’ ಎಂಬ ಒಂದು ಸಾಲು ಸೇರಿಸೆಂದು ಚೈತ್ರಾ ಎಷ್ಟು ಹೇಳಿದರೂ ಸೇರಿಸಲಿಲ್ಲ. ಅವಳನ್ನು ದಾಖಲೆ ಬರೆಯುವ ಕೆಲಸದಿಂದ ತೆಗೆದು ಬಳ್ಳಾರಿಯ ಗೋದಾಮಿಗೆ ಹಾಕಿದರು. ಮಾರ್ಚಿನ ಆದೇಶ ಈ ಸಲ ಮೇ ತಿಂಗಳಲ್ಲಿ ಬಂತು, ಬಂತು ಎನ್ನುವುದೇ ದೊಡ್ಡದು. ಚೈತ್ರಾ ಸಾಫ್ಟ್‌ವೇರ್‌ನ ನಿಯಮವನ್ನೇ ತಿದ್ದಿದಳು. ಈಗ ಎರಡು ಕೇಂದ್ರಗಳಲ್ಲಿ ಎರಡು ಥರ ಬರೆದಿದ್ದರೆ ಅದು ತಾನೇ ಒಂದನ್ನು ನುಂಗುವುದಿಲ್ಲ, ಎರಡನ್ನೂ ಮುಂದಿಟ್ಟು ಆಪರೇಟರನ್ನು ಕೇಳುತ್ತದೆ. ಮನೆ ಬಿಟ್ಟ ದಿನದ ಜಾಗದಲ್ಲಿ ಯಾರು ಯಾವ ದಿನ ಹೇಳಿದರೂ ಒಪ್ಪಿಕೊಳ್ಳುತ್ತದೆ.

ಆ ಶುಕ್ರವಾರ ಸಂಜೆ, ಬಸ್ಸು ಹೋದ ಮೇಲೆ, ಬಂಗಲೆಯ ಜಗಲಿಯ ಮೇಲೆ ಅಕ್ಕತಂಗಿಯರು ಊಟಕ್ಕೆ ಕೂತಿದ್ದರು. ರೊಟ್ಟಿ, ಬದನೆಕಾಯಿ ಪಲ್ಯ. ಜಡೆಮ್ಮ ತುತ್ತು ಮಾಡಿ ತಂಗಿಯ ಬಾಯಿಗಿಡುತ್ತಿದ್ದಳು. ಶೈಲಜಾ ಸ್ವಲ್ಪ ದೂರದಲ್ಲಿ ಕಂಬಕ್ಕೆ ಒರಗಿ ಕೂತಿದ್ದಳು.

“ತಂಗಿ, ಇಕಿ ಬುಧವಾರನಾ ಸಿಕ್ಕಿದ್ಳಂತಲ್ಲ. ಮತ್ತ ನಮಗ ಇವತ್ತು ಯಾಕ ಗೊತ್ತಾತು?”

ಜಡೆಮ್ಮ ತುತ್ತನ್ನು ಕೈಯಲ್ಲೇ ಹಿಡಿದುಕೊಂಡು ಮತ್ತೆ ಕೇಳಿದಳು.

“ನಾ ಅಮಾಸಿ ಬ್ಯಾಡ ಅಂದ್ನೆಲ್ಲ. ದಿನಾ ಮೂರು ಹೊತ್ತು ಬಂದು ಬರಸಿದ್ನೆಲ್ಲ. ಅದರಿಂದೇನರೆ ಹಿಂಗ ಆತೇನು?”

ಮಧ್ಯಾಹ್ನ ಕೆಲಸ ಹೋದರೂ ಹೋಗಲಿ ಎಂದು ನಿಜ ಹೇಳಿದ್ದವಳು ಶೈಲಜಾ. ಈಗ ಅದೇ ನಿಜ ಬಾಯಿಗೆ ಬರಲಿಲ್ಲ.

“ಛೇ ಛೇ, ಅದಕ್ಕೂ ಇದಕ್ಕೂ ಏನ್ ಸಂಬಂಧ ದೊಡ್ಡವ್ವ? ಟವರ್ ಬಿದ್ದಿತ್ತಲ್ಲ, ಸುದ್ದಿ ಮುಟ್ಟಲಿಲ್ಲ. ನೀವು ಚೇಳಿನ ಹಚ್ಚಿ ಅಂತ ಬರಸಿದ್ದಕ್ಕಾ ಗುರುತು ಸಿಕ್ತು.”

ಜಡೆಮ್ಮ ಅವಳ ಮುಖವನ್ನೇ ನೋಡುತ್ತ ಕೂತಳು. ಸರೋಜಾ ಒಮ್ಮೆ ಅಕ್ಕನನ್ನು, ಒಮ್ಮೆ ಶೈಲಜಾಳನ್ನು ನೋಡಿದಳು. ಶೈಲಜಾ ಕಣ್ಣು ತಪ್ಪಿಸಿದಳು.

“ಐವತ್ತೆಂಟು ವರ್ಸ ಮೂಗಿ ತಂಗಿ ಕೂಡ ಬಾಳೇವು ಮಾಡೀನಿ ನಾನು. ಮಾತಿಲ್ದನಾ ಮಾರಿ ನೋಡಿ ತಿಳಕೊಳ್ಳೋದು ನನಗ ಬರ್ತೈತಿ ಯವ್ವಾ. ತಪ್ಪು ಇಬ್ಬರದೂ ಐತಿ.”

ಶೈಲಜಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಜಡೆಮ್ಮ ಎದ್ದು ಬಂದು ಅವಳ ಕೈ ಹಿಡಿದು ಎಳೆದು, ತಮ್ಮಿಬ್ಬರ ನಡುವೆ ಕೂರಿಸಿಕೊಂಡಳು. ಸರೋಜಾ ತನ್ನ ತಟ್ಟೆಯಿಂದ ಒಂದು ರೊಟ್ಟಿ ತೆಗೆದು ಶೈಲಜಾಳ ಮುಂದಿಟ್ಟಳು. ಮೂವರೂ ಮೂರು ದಿನದ ಹಸಿವಿನಲ್ಲಿ ಉಂಡರು.